ಟೆಕ್ಸಸ್‌ನಲ್ಲಿ ಮನೆ ತೆರಿಗೆ: ಮೌಲ್ಯಕ್ಕೆ ತಕರಾರು ಹೂಡುವ ಬಗೆ

ಏಪ್ರಿಲ್ ಬಂತೆಂದರೆ ಟೆಕ್ಸಸ್‌ನಲ್ಲಿ ಮನೆ ಇರುವವರಿಗೆ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್‌ನಿಂದ ಒಂದು ನೋಟಿಸ್ ಬರುತ್ತದೆ. ಜನವರಿ 1ಕ್ಕೆ ನಿಮ್ಮ ಮನೆ ಇಷ್ಟು ಬೆಲೆ ಬಾಳುತ್ತಿತ್ತು ಎಂದು ಅದರಲ್ಲಿ ಬರೆದಿರುತ್ತದೆ. ಇದು ಬಿಲ್ ಅಲ್ಲ ಎಂಬ ಸಾಲೂ ಅದರಲ್ಲೇ ಇರುವುದರಿಂದ ನಮ್ಮವರಲ್ಲಿ ಬಹಳ ಜನ ಅದನ್ನು ಮಡಚಿ ಎತ್ತಿಟ್ಟುಬಿಡುತ್ತಾರೆ. ಬಿಲ್ ಬರುವುದು ಅಕ್ಟೋಬರ್ ಸುಮಾರಿಗೆ. ಮೊತ್ತ ನೋಡಿ ಎದೆ ಧಸಕ್ಕೆಂದಾಗ ಕೇಳುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ, ಏಕೆಂದರೆ ತಕರಾರಿನ ಗಡುವು ಮೇ 15ಕ್ಕೇ ತೀರಿಹೋಗಿರುತ್ತದೆ. ನೋಟಿಸನ್ನು ತಡವಾಗಿ ಕಳಿಸಿದ್ದರೆ ಕಳಿಸಿದ ದಿನದಿಂದ 30 ದಿನ. ಎರಡರಲ್ಲಿ ಯಾವುದು ತಡವಾಗಿ ಬರುತ್ತದೋ ಅದೇ ಗಡುವು.

ಬೆಂಗಳೂರಿನ ಪದ್ಧತಿಯಿಂದ ಬಂದವರಿಗೆ ಇದು ಹೊಸತು. ಅಲ್ಲಿ 2008ರಿಂದ ವಿಸ್ತೀರ್ಣ, ವಲಯ, ಕಟ್ಟಡದ ವಯಸ್ಸು ಹಿಡಿದು ಲೆಕ್ಕ ಹಾಕಿ, ಮಾಲೀಕರೇ ಸ್ವಯಂ ಘೋಷಣೆ ಮಾಡಿ ತೆರಿಗೆ ಕಟ್ಟುತ್ತ ಬಂದಿದ್ದಾರೆ. ಟೆಕ್ಸಸ್‌ನಲ್ಲಿ ನಿಮ್ಮನ್ನು ಯಾರೂ ಕೇಳುವುದಿಲ್ಲ. ಡಿಸ್ಟ್ರಿಕ್ಟ್‌ನ ಕಂಪ್ಯೂಟರ್ ಲಕ್ಷಾಂತರ ಮನೆಗಳಿಗೆ ಒಟ್ಟಿಗೇ ಬೆಲೆ ಕಟ್ಟುತ್ತದೆ. ಯಾರೂ ಒಳಗೆ ಬಂದು ನೋಡಿರುವುದಿಲ್ಲ. ಪಕ್ಕದವರು ಅಡುಗೆಮನೆಯನ್ನು ಪೂರ್ತಿ ಹೊಸದು ಮಾಡಿಸಿರಬಹುದು, ನಿಮ್ಮದು ಬಿಲ್ಡರ್ ಕೊಟ್ಟ ಹಾಗೆಯೇ ಇರಬಹುದು. ಆ ಲೆಕ್ಕಕ್ಕೆ ಎರಡೂ ಒಂದೇ. ಅದಕ್ಕೇ ಶಾಸನ ಮಾಲೀಕರಿಗೆ ಪ್ರತಿ ವರ್ಷ ಪ್ರಶ್ನಿಸುವ ಹಕ್ಕು ಕೊಟ್ಟಿದೆ. ಸರ್ಕಾರದ ಜೊತೆ ಜಗಳ ಯಾಕೆ, ವೀಸಾಕ್ಕೆ ತೊಂದರೆ ಆದೀತೇ ಎಂದು ಹಿಂಜರಿಯುವವರನ್ನು ಕಂಡಾಗ ಸಂಕಟವಾಗುತ್ತದೆ. ವೀಸಾಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಇಲ್ಲಿನವರು ಇದನ್ನು ವರ್ಷವರ್ಷವೂ ಮಾಡುವ ಮಾಮೂಲಿ ಕೆಲಸ ಎಂದೇ ಎಣಿಸುತ್ತಾರೆ.

ತಕರಾರಿಗೆ ಮೊದಲು ಹೋಮ್‌ಸ್ಟೆಡ್ ವಿನಾಯಿತಿ ಬಂದಿದೆಯೇ ನೋಡಿಕೊಳ್ಳಿ. ನೀವೇ ವಾಸವಾಗಿರುವ ಮನೆಗೆ ಇದು ಸಿಗುತ್ತದೆ. ಪೌರತ್ವ ಬೇಕಿಲ್ಲ, ಎಚ್-1ಬಿ ವೀಸಾದಲ್ಲಿರುವವರಿಗೂ ಉಂಟು. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಅದೇ ಮನೆಯ ವಿಳಾಸ ಇರಬೇಕು. ಶಾಲಾ ತೆರಿಗೆಯ ಲೆಕ್ಕದಲ್ಲಿ ಮನೆಯ ಮೌಲ್ಯದಿಂದ ಕಳೆಯುವ ಮೊತ್ತವನ್ನು 2023ರ ರಾಜ್ಯವ್ಯಾಪಿ ಮತದಾನ 40,000ದಿಂದ 1,00,000 ಡಾಲರ್‌ಗೆ, 2025ರ ಮತದಾನ 1,40,000 ಡಾಲರ್‌ಗೆ ಏರಿಸಿತು. ಮಾಲೀಕರಿಗೆ 65 ತುಂಬಿದ್ದರೆ ಇನ್ನೂ ಹೆಚ್ಚಿನ ವಿನಾಯಿತಿ ಇದೆ, ಶಾಲಾ ತೆರಿಗೆಗೆ ಮಿತಿಯೂ ಬೀಳುತ್ತದೆ.

ಹೋಮ್‌ಸ್ಟೆಡ್‌ನಿಂದ ಇನ್ನೊಂದು ಲಾಭ, ಶೇ. 10ರ ಕಡಿವಾಣ. ಮಾರುಕಟ್ಟೆ ಬೆಲೆ ಎಷ್ಟೇ ಜಿಗಿದರೂ ತೆರಿಗೆ ಹಾಕುವ ಮೌಲ್ಯ ಹಿಂದಿನ ವರ್ಷಕ್ಕಿಂತ ಶೇ. 10ಕ್ಕಿಂತ ಹೆಚ್ಚು ಏರುವಂತಿಲ್ಲ. ಹೊಸದಾಗಿ ಕಟ್ಟಿದ ಭಾಗ ಇದ್ದರೆ ಅದರ ಲೆಕ್ಕ ಬೇರೆ. ನೋಟಿಸಿನಲ್ಲಿ ಮಾರುಕಟ್ಟೆ ಮೌಲ್ಯ, ತೆರಿಗೆ ಹಾಕುವ ಮೌಲ್ಯ ಎಂದು ಎರಡು ಅಂಕಿ ಕಾಣುವುದು ಇದಕ್ಕೇ. ಇಲ್ಲಿ ಒಂದು ಸೂಕ್ಷ್ಮವಿದೆ. ಹೋದ ವರ್ಷ ತೆರಿಗೆ ಹಾಕಿದ ಮೌಲ್ಯ 4,30,000 ಡಾಲರ್ ಎನ್ನೋಣ. ಈ ವರ್ಷದ ಮಿತಿ 4,73,000. ಮಾರುಕಟ್ಟೆ ಮೌಲ್ಯ 5,20,000 ಎಂದಿದ್ದು, ನೀವು ವಾದಿಸಿ ಅದನ್ನು 4,98,000ಕ್ಕೆ ಇಳಿಸಿದರೂ ಈ ವರ್ಷದ ತೆರಿಗೆಯಲ್ಲಿ ಒಂದು ಡಾಲರ್ ಕೂಡ ಕಡಿಮೆಯಾಗುವುದಿಲ್ಲ, ಏಕೆಂದರೆ ತೆರಿಗೆ ಬೀಳುತ್ತಿರುವುದು 4,73,000ದ ಮೇಲೆ. ಮನೆ ಕೊಂಡ ಹೊಸದರಲ್ಲಿ ಹಾಗಲ್ಲ. ಕಡಿವಾಣ ಜಾರಿಗೆ ಬರುವುದು ವಿನಾಯಿತಿ ಸಿಕ್ಕ ಮೊದಲ ವರ್ಷದ ಮರುವರ್ಷದಿಂದ. ಆ ಮೊದಲ ವರ್ಷದ ಮೌಲ್ಯವೇ ಮುಂದಿನ ಏರಿಕೆಗೆಲ್ಲ ಬುನಾದಿ. ಬೇರೆ ವರ್ಷ ಬಿಟ್ಟರೂ ಆ ವರ್ಷ ಮಾತ್ರ ತಕರಾರು ಬಿಡಬೇಡಿ.

ಅರ್ಜಿ ಹಾಕುವುದು ಸುಲಭ. ಡಿಸ್ಟ್ರಿಕ್ಟ್‌ನ ವೆಬ್‌ಸೈಟ್‌ನಲ್ಲೇ ಸಲ್ಲಿಸಬಹುದು, ಇಲ್ಲವೇ ಫಾರ್ಮ್ 50-132 ತುಂಬಿ ಕಳಿಸಬಹುದು. ಕಾರಣ ಕೇಳುವ ಜಾಗದಲ್ಲಿ ಎರಡಕ್ಕೂ ಗುರುತು ಹಾಕಿ: ಮಾರುಕಟ್ಟೆ ಮೌಲ್ಯ ಹೆಚ್ಚಾಗಿದೆ ಎಂಬುದು ಒಂದು, ಇತರ ಮನೆಗಳಿಗೆ ಹೋಲಿಸಿದರೆ ಅಸಮಾನವಾಗಿದೆ ಎಂಬುದು ಇನ್ನೊಂದು. ಅರ್ಜಿಯಲ್ಲಿ ಬಿಟ್ಟ ಕಾರಣವನ್ನು ವಿಚಾರಣೆಯ ದಿನ ಎತ್ತಲು ಹೋದರೆ ಕೇಳಿಸಿಕೊಳ್ಳದೇ ಹೋಗಬಹುದು. ಜೊತೆಗೆ ಡಿಸ್ಟ್ರಿಕ್ಟ್ ನಿಮ್ಮ ವಿರುದ್ಧ ಬಳಸುವ ಪುರಾವೆಯ ಪ್ರತಿಯನ್ನೂ ಕೇಳಿ. ಕೇಳಿದವರಿಗೆ ವಿಚಾರಣೆಗೆ 14 ದಿನ ಮೊದಲೇ ಅದು ಸಿಗಬೇಕು.

ಮೊದಲ ಕಾರಣಕ್ಕೆ ಬಲವಾದ ಪುರಾವೆ, ಇತ್ತೀಚೆಗೆ ಮನೆ ಕೊಂಡವರ ಕ್ಲೋಸಿಂಗ್ ಸ್ಟೇಟ್‌ಮೆಂಟ್, ಅಂದರೆ ಖರೀದಿಯ ಅಂತಿಮ ಲೆಕ್ಕಪತ್ರ. ನೋಟಿಸಿನ ಅಂಕಿಗಿಂತ ಕಡಿಮೆಗೆ ಕೊಂಡಿದ್ದರೆ ಅದೊಂದೇ ಬಹುಮಟ್ಟಿಗೆ ಸಾಕಾಗುತ್ತದೆ. ಹೆಚ್ಚು ಕೊಟ್ಟು ಕೊಂಡಿದ್ದರೆ ಬೆಲೆಯನ್ನು ನೀವಾಗಿಯೇ ತಿಳಿಸಬೇಕೆಂಬ ಕಟ್ಟಳೆ ಟೆಕ್ಸಸ್‌ನಲ್ಲಿ ಇಲ್ಲ. ಆದರೆ ವಿಚಾರಣೆಯಲ್ಲಿ ಪ್ರಮಾಣ ಮಾಡಿ ಮಾತಾಡುತ್ತೀರಿ, ಅಲ್ಲಿ ಸುಳ್ಳು ಹೇಳಬಾರದು. ಹಾಗಿರುವಾಗ ಎರಡನೆಯ ಕಾರಣವನ್ನೇ ನೆಚ್ಚಿಕೊಳ್ಳುವುದು ಮೇಲು.

ಮನೆಯ ದೋಷಗಳಿಗೂ ಬೆಲೆಯಿದೆ. ಡಾಲಸ್ ಸುತ್ತಲಿನ ಕಪ್ಪು ಮಣ್ಣು ಗದಗ, ಧಾರವಾಡದ ಕಡೆಯ ಎರೆಭೂಮಿಯ ಹಾಗೆಯೇ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಕೂತ ಕಾಂಕ್ರೀಟ್ ಹಾಸು ಅಲುಗಿದರೆ ಬಾಗಿಲ ಮೂಲೆಯಿಂದ ಸೂರಿನ ಕಡೆಗೆ ಓರೆಯಾಗಿ ಬಿರುಕು ಹೊರಡುತ್ತದೆ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಹೊರಗೋಡೆಯ ಇಟ್ಟಿಗೆ ಸಂದು ಮೆಟ್ಟಿಲು ಮೆಟ್ಟಿಲಾಗಿ ಬಾಯಿ ಬಿಡುತ್ತದೆ. ಬಿರುಕಿನ ಪಕ್ಕ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ. ರಿಪೇರಿಗೆ ಎಷ್ಟಾಗುತ್ತದೆ ಎಂದು ಗುತ್ತಿಗೆದಾರರಿಂದ ಬರಹದಲ್ಲಿ ತರಿಸಿ. ಬರೀ ಬಾಯಿಮಾತಿಗೆ ಬೆಲೆ ಕಡಿಮೆ, ಸಹಿ ಮಾಡಿದ ಅಂದಾಜುಪಟ್ಟಿಗೆ ಬೆಲೆ ಹೆಚ್ಚು. ಒಂದು ಮಾತು ನೆನಪಿಡಿ: ಜನವರಿ 1ರಂದು ಇದ್ದ ದೋಷ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮಾರ್ಚ್‌ನ ಆಲಿಕಲ್ಲು ಮಳೆಗೆ ಒಡೆದ ಹೆಂಚು ಮುಂದಿನ ವರ್ಷದ ವಾದಕ್ಕೆ.

ಸಾಮಾನ್ಯ ಮನೆಗೆ ಹೆಚ್ಚು ಕೈಹಿಡಿಯುವುದು ಎರಡನೆಯ ಕಾರಣವೇ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಅದಕ್ಕೆ ಬೇಕಾದ ಮಾಹಿತಿಯೆಲ್ಲ ಡಿಸ್ಟ್ರಿಕ್ಟ್‌ನ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡುವ ಹಾಗಿದೆ. ಮೊದಲು ನಿಮ್ಮದೇ ದಾಖಲೆ ತೆರೆದು ಚದರಡಿ, ಕಟ್ಟಿದ ವರ್ಷ, ಬಚ್ಚಲುಮನೆಗಳ ಸಂಖ್ಯೆ ಸರಿಯಿವೆಯೇ ನೋಡಿ. ಇಲ್ಲದ ಈಜುಕೊಳ ದಾಖಲೆಯಲ್ಲಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಆಮೇಲೆ ನಿಮ್ಮದೇ ಬಡಾವಣೆಯಲ್ಲಿ ನಿಮ್ಮ ಮನೆಯಷ್ಟೇ ವಯಸ್ಸಿನ, ಹೆಚ್ಚುಕಡಿಮೆ ಅಷ್ಟೇ ವಿಸ್ತೀರ್ಣದ ಐದಾರು ಮನೆ ಆರಿಸಿ. ವಿಸ್ತೀರ್ಣ ಹತ್ತಿರ ಇರಲೇಬೇಕು. ಚಿಕ್ಕ ಮನೆಗೆ ಚದರಡಿ ಲೆಕ್ಕದ ಬೆಲೆ ಸಾಮಾನ್ಯವಾಗಿ ಹೆಚ್ಚು, ಅದನ್ನು ದೊಡ್ಡ ಮನೆಯ ಪಕ್ಕದಲ್ಲಿಟ್ಟರೆ ವಾದ ನಿಲ್ಲುವುದಿಲ್ಲ. ಕಡಿವಾಣ ಬಿದ್ದ ಅಂಕಿ ಬಿಟ್ಟು ಮಾರುಕಟ್ಟೆ ಮೌಲ್ಯದ ಅಂಕಿಯನ್ನೇ ಬರೆದುಕೊಳ್ಳಿ. ಒಂದರಲ್ಲಿ ಈಜುಕೊಳ ಇದ್ದರೆ ಅದರ ಬೆಲೆ ಕಳೆಯಿರಿ, ಒಂದು ಹೆದ್ದಾರಿಗೆ ಬೆನ್ನು ಹಾಕಿದ್ದರೆ ಅಷ್ಟು ಕೂಡಿಸಿ. ಹೀಗೆ ಸರಿಹೊಂದಿಸಿದ ಮೇಲೆ 4,85,000, 4,92,000, 4,98,000, 5,07,000, 5,26,000 ಬಂದವು ಎನ್ನೋಣ. ಸರಾಸರಿ ತೆಗೆಯಬೇಡಿ. ಶಾಸನ ಹೇಳುವುದು ಮಧ್ಯದ ಅಂಕಿಯನ್ನು, ಅಂದರೆ 4,98,000. ನಿಮ್ಮ ಮನೆಗೆ 5,20,000 ಹಾಕಿದ್ದರೆ 22,000 ಇಳಿಸಬೇಕೆಂದು ಕೇಳಿ. ಎಲ್ಲ ತೆರಿಗೆ ಸೇರಿ ಶೇ. 2 ದರ ಇದ್ದು, ಕಡಿವಾಣ ಅಡ್ಡ ಬರದಿದ್ದರೆ, 440 ಡಾಲರ್ ಉಳಿಯಿತು.

ಅರ್ಜಿ ಹೋದ ಮೇಲೆ ಸಾಮಾನ್ಯವಾಗಿ ಡಿಸ್ಟ್ರಿಕ್ಟ್‌ನವರೇ ರಾಜಿಗೆ ಒಂದು ಅಂಕಿ ಮುಂದಿಡುತ್ತಾರೆ, ಆನ್‌ಲೈನ್‌ನಲ್ಲೋ ಫೋನಿನಲ್ಲೋ. ಒಪ್ಪಿದರೆ ಆ ವರ್ಷದ ತಕರಾರು ಅಲ್ಲಿಗೆ ಮುಗಿಯಿತು, ಮತ್ತೆ ಎತ್ತುವ ಹಾಗಿಲ್ಲ. ನಿಮ್ಮ ಮಧ್ಯದ ಅಂಕಿಗೆ ಹತ್ತಿರ ಇದ್ದರೆ ಒಪ್ಪಿ, ಇಲ್ಲದಿದ್ದರೆ ಅಪ್ರೈಸಲ್ ರಿವ್ಯೂ ಬೋರ್ಡ್ ಮುಂದೆ ಹೋಗಿ. ಅಲ್ಲಿ ಕೂತಿರುವವರು ನಿಮ್ಮ ಹಾಗೆಯೇ ಆ ಕೌಂಟಿಯ ನಿವಾಸಿಗಳು, ಡಿಸ್ಟ್ರಿಕ್ಟ್‌ನ ನೌಕರರಲ್ಲ. ಮೌಲ್ಯ ಸರಿಯೆಂದು ಸಾಧಿಸುವ ಹೊಣೆಯೂ ಸಾಮಾನ್ಯವಾಗಿ ಡಿಸ್ಟ್ರಿಕ್ಟ್‌ನದೇ. ಸಿಗುವ ಸಮಯ ಕೆಲವೇ ನಿಮಿಷ. ತೆರಿಗೆ ವಿಪರೀತವಾಯಿತು, ಸಂಬಳ ಏರಿಲ್ಲ ಎಂದು ಅಲ್ಲಿ ತೋಡಿಕೊಂಡರೆ ಆ ನಿಮಿಷಗಳು ವ್ಯರ್ಥ. ದರ ನಿಗದಿ ಮಾಡುವುದು ಕೌಂಟಿ, ನಗರ, ಶಾಲಾ ಡಿಸ್ಟ್ರಿಕ್ಟ್‌ನಂಥ ಸಂಸ್ಥೆಗಳು. ಈ ಮಂಡಳಿಯ ಕೈಯಲ್ಲಿರುವುದು ಮೌಲ್ಯ ಮಾತ್ರ. ನಿಮ್ಮ ಅಂಕಿ ಮೊದಲು ಹೇಳಿ, ಪಟ್ಟಿ ಕೈಗೆ ಕೊಡಿ, ಫೋಟೊ ತೋರಿಸಿ, ಕೊನೆಗೆ ಅಂಕಿ ಇನ್ನೊಮ್ಮೆ ಹೇಳಿ. ಫೋನಿನಲ್ಲಿ ಹಾಜರಾಗಲೂ ಅವಕಾಶವಿದೆ, ಮುಂಚೆಯೇ ತಿಳಿಸಿರಬೇಕು.

ಉಳಿತಾಯದಲ್ಲಿ ಪಾಲು ತೆಗೆದುಕೊಂಡು ಇದನ್ನೆಲ್ಲ ಮಾಡಿಕೊಡುವ ಏಜೆಂಟರಿದ್ದಾರೆ. ಪುರುಸೊತ್ತೇ ಇಲ್ಲದವರಿಗೆ ಸರಿ. ಒಂದು ಸಂಜೆ ಬಿಡುವಿದ್ದವರು ತಾವೇ ಮಾಡಬಹುದಾದ ಕೆಲಸ ಇದು.

ಮಂಡಳಿಯ ತೀರ್ಪೂ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಮಧ್ಯಸ್ಥಿಕೆಗೆ ಹೋಗಬಹುದು. 5 ಲಕ್ಷ ಡಾಲರ್‌ವರೆಗಿನ ಹೋಮ್‌ಸ್ಟೆಡ್ ಮನೆಗೆ 450 ಡಾಲರ್ ಠೇವಣಿ ಇಡಬೇಕು. ಗೆದ್ದರೆ ಅದರಲ್ಲಿ ಹೆಚ್ಚಿನದು ವಾಪಸ್ ಬರುತ್ತದೆ. ಡಿಸ್ಟ್ರಿಕ್ಟ್ ಕೋರ್ಟಿನ ದಾರಿಯೂ ಉಂಟು, ಆದರೆ ವಕೀಲರ ಖರ್ಚು ನೋಡಿದರೆ ಸಾಮಾನ್ಯ ಮನೆಗೆ ಗಿಟ್ಟುವುದಿಲ್ಲ. ಯಾವ ದಾರಿ ಹಿಡಿದರೂ ತಕರಾರಿಲ್ಲದ ಮೊತ್ತದ ತೆರಿಗೆಯನ್ನು ಜನವರಿ 31ರೊಳಗೆ ಕಟ್ಟಿಬಿಡಬೇಕು, ಇಲ್ಲದಿದ್ದರೆ ಮುಂದುವರಿಯುವ ಹಕ್ಕೇ ಹೋಗುತ್ತದೆ. ಎಸ್ಕ್ರೋ ಮೂಲಕ, ಅಂದರೆ ಸಾಲದ ಕಂತಿನ ಜೊತೆಗೇ, ತೆರಿಗೆ ಕಟ್ಟುವವರು ಇಳಿದ ಬಿಲ್ಲಿನ ಪ್ರತಿಯನ್ನು ಸಾಲ ಕೊಟ್ಟ ಕಂಪನಿಗೆ ಕಳಿಸಿ, ತಿಂಗಳ ಕಂತಿನ ಮರುಲೆಕ್ಕ ಮಾಡಿಕೊಡಿ ಎಂದು ಕೇಳಿ. ಕೇಳದಿದ್ದರೆ ಹಳೆಯ ಕಂತೇ ಅವರ ಮುಂದಿನ ವಾರ್ಷಿಕ ಲೆಕ್ಕದವರೆಗೂ ಕಡಿತವಾಗುತ್ತ ಹೋಗುತ್ತದೆ.