ಮುರಿದ ಕುರ್ಚಿಗೆ ಹಳೆಯ ಮರ

ಹಿರಿಯರ ಮನೆ ಪಾಲಾದಾಗಲೋ, ಇದ್ದ ಮನೆಯನ್ನೇ ಕೆಡವಿ ಕಟ್ಟುವಾಗಲೋ, ಅಟ್ಟದಿಂದ ಇಳಿಯುವ ಸಾಮಾನುಗಳಲ್ಲಿ ಕಾಲು ಮುರಿದ ಕುರ್ಚಿಯೊಂದು, ಬಾಗಿಲುವಾಡದ ತುಂಡೊಂದು, ಸರಳು ಕಿತ್ತ ಕಿಟಕಿಯ ಚೌಕಟ್ಟೊಂದು ಇದ್ದೇ ಇರುತ್ತವೆ. ಇವುಗಳಿಗೆ ಸಾಮಾನ್ಯವಾಗಿ ಎರಡೇ ದಾರಿ: ನೀರೊಲೆ, ಇಲ್ಲವೆ ಗುಜರಿ. ಮೂರನೆಯ ದಾರಿಯೂ ಒಂದುಂಟು.

ನನಗೆ ಅದನ್ನು ತೋರಿಸಿದ್ದು ನಮ್ಮ ತಂದೆಯವರ ತೇಗದ ಕೈಕುರ್ಚಿ. ಮುಂಗಾಲು ಸಡಿಲವಾಯಿತೆಂದು ನಾನೇ ಸುತ್ತಿಗೆ ಹಿಡಿದು ಮೂರಂಗುಲದ ಮೊಳೆ ಹೊಡೆದೆ. ಕುರ್ಚಿ ಗಟ್ಟಿಯಾಯಿತು, ನನಗೆ ಹೆಮ್ಮೆಯೂ ಆಯಿತು. ಎರಡು ತಿಂಗಳಲ್ಲಿ ಕಾಲು ಉದ್ದಕ್ಕೂ ಸೀಳಿತು. ಮೊಳೆಯು ಮರದ ಎಳೆಗಳ ನಡುವೆ ಬೆಣೆಯಂತೆ ಕೂರುತ್ತದೆ; ಕುಳಿತು ಏಳುವಾಗಲೆಲ್ಲ ತೂತು ಹಿಗ್ಗಿ ಸೀಳು ಬೆಳೆಯುತ್ತದೆ. ಬಡಗಿಗಳು ಕುರ್ಚಿಯ ಸಂದುಗಳಿಗೆ ಮೊಳೆಯನ್ನು ನಂಬದೆ, ಒಂದು ತುಂಡಿನ ತುದಿಯನ್ನು ನಾಲಗೆಯಂತೆ ಕೊರೆದು ಇನ್ನೊಂದರ ಚೌಕ ತೂತಿನಲ್ಲಿ ಕೂರಿಸುವುದು ಇದಕ್ಕಾಗಿಯೇ.

ಹೊಸ ಕಾಲಿಗೆ ನಾವು ಆರಿಸಿಕೊಂಡದ್ದು ಊರಿನ ಮನೆಯ ಕಿಟಕಿಯ ಚೌಕಟ್ಟು. ಹಳೆಯ ಮರವೇ ಏಕೆಂದು ಕೇಳಬಹುದು. ಹಸಿ ತೇಗ ಪೂರ್ತಿ ಒಣಗುವಷ್ಟರಲ್ಲಿ ಬೆಳವಣಿಗೆಯ ಉಂಗುರಗಳ ಜಾಡಿನಲ್ಲಿ ನೂರಕ್ಕೆ ಸುಮಾರು 6ರಷ್ಟು ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು 2.5ರಷ್ಟು; ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಹಲಗೆ ಸೊಟ್ಟಗಾಗುವುದು, ಬಿರಿಯುವುದು ಈ ಅಸಮತೆಯಿಂದಲೇ. ಐವತ್ತು ವರ್ಷ ಬಿಸಿಲು ಮಳೆ ಕಂಡ ಚೌಕಟ್ಟು ಈ ಆಟವನ್ನು ಬಹುಮಟ್ಟಿಗೆ ಆಡಿ ಮುಗಿಸಿರುತ್ತದೆ.

ಆದರೆ ಗರಗಸ ಹಾಕುವ ಮೊದಲು ಮರವನ್ನು ಪರೀಕ್ಷಿಸಬೇಕು. ಅಯಸ್ಕಾಂತ ಆಡಿಸಿ ಹುದುಗಿರುವ ಮೊಳೆಗಳನ್ನು ಪತ್ತೆ ಮಾಡಿ ಕೀಳಿರಿ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಹುಳು ಇನ್ನೂ ಬದುಕಿದೆಯೆಂದು ತಿಳಿದು ಆ ತುಂಡನ್ನು ಬಿಡಿ. ಹೊರಗಿನ ಬಿಳಿಚು ಭಾಗವನ್ನು ತೆಗೆದು ಒಳಗಿನ ಚೇಗನ್ನೇ ಬಳಸಿರಿ.

ಹಳೆಯ ಬಣ್ಣದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅದರಲ್ಲಿ ಸೀಸವಿರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಆದ್ದರಿಂದ ಹಳೆಯ ಬಣ್ಣವನ್ನು ಒಣಗಿದ್ದಾಗ ಉಪ್ಪುಕಾಗದದಿಂದ ಉಜ್ಜಬಾರದು, ಬೆಂಕಿಯಿಂದ ಸುಡಲೂಬಾರದು. ನೀರು ಚಿಮುಕಿಸಿ, ಒದ್ದೆಯಾಗಿರುವಾಗಲೇ ಹೆರೆದು, ಹೆರಕಲನ್ನು ಕಾಗದದಲ್ಲಿ ಕಟ್ಟಿ ಬಿಸಾಡಿರಿ. ಮಕ್ಕಳು ಅತ್ತ ಸುಳಿಯದಿರಲಿ. ಸೀಸದ ಪುಡಿ ಅವರ ಮಿದುಳಿನ ಬೆಳವಣಿಗೆಗೆ ಕೇಡು.

ಹಳೆಯ ಕುರ್ಚಿಯ ಸಂದು ಬಿಡಿಸಲು ಬಲಪ್ರಯೋಗ ಬೇಡ. ಹಿಂದಿನವರು ಬಳಸುತ್ತಿದ್ದ ಮರವಜ್ರವು ಪ್ರಾಣಿಗಳ ಚರ್ಮ, ಮೂಳೆಗಳಿಂದ ಮಾಡಿದ್ದು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿಟ್ಟರೆ ಮೆತ್ತಗಾಗುತ್ತದೆ. ಕೊಡತಿಯಿಂದ ಮೆಲ್ಲನೆ ತಟ್ಟಿದರೆ ಸಂದು ಬಿಟ್ಟುಕೊಳ್ಳುತ್ತದೆ. ಹಳೆಯ ಅಂಟನ್ನು ಪೂರ್ತಿ ಹೆರೆದು ಮರವನ್ನು ಒಣಗಿಸಬೇಕು. ಹೊಸ ಅಂಟಿಗೆ ಮರ ಬೇಕು, ಹಳೆಯ ಅಂಟಲ್ಲ. ನಾಲಗೆ ತುಂಡಿನ ದಪ್ಪದ ಮೂರನೆಯ ಒಂದು ಪಾಲಿನಷ್ಟಿದ್ದು, ಕೈಯಿಂದ ಒತ್ತಿದರೆ ಬಿಗಿಯಾಗಿ ಒಳಹೋಗುವಂತಿರಲಿ. ಅಂಟು ಹಚ್ಚಿ ಕೂಡಿಸಿದ ಮೇಲೆ ಕಾಲುಗಳ ಸುತ್ತ ಹಗ್ಗ ಬಿಗಿದು, ನಡುವೆ ಕೋಲು ತೂರಿಸಿ ತಿರುಚಿರಿ. ಸಮನೆಲದ ಮೇಲೆ ನಾಲ್ಕು ಕಾಲೂ ಊರಿವೆಯೆ ಎಂದು ಆಗಲೇ ನೋಡಿ, ಒಂದು ದಿನ ಮುಟ್ಟದೆ ಬಿಡಿ.

ಕೊನೆಗೆ ಮೆರುಗು. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ತೆಳುವಾಗಿ ನಾಲ್ಕಾರು ಸಲ ಹಚ್ಚಬಹುದು. ಅಗಸೆ ಎಣ್ಣೆಯೂ ಆದೀತು. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆಸೆಯಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ಹೊರಗೆ ಹರವಿ ಒಣಗಿಸಿರಿ.

ನಮ್ಮ ಕುರ್ಚಿ ಈಗ ರೇಡಿಯೋ ಪಕ್ಕದಲ್ಲಿದೆ. ಹೊಸ ಕಾಲಿನ ಬಣ್ಣ ಉಳಿದ ಮೂರರ ಬಣ್ಣಕ್ಕೆ ಪೂರ್ತಿ ಹೊಂದಿಲ್ಲ. ಕಿಟಕಿಯ ಸರಳು ಕೂತಿದ್ದ ತೂತಿಗೆ ಹಾಕಿದ ಮರದ ತೇಪೆಯೂ ಕಾಣುತ್ತದೆ. ಆದರೆ ಅದು ಅಲುಗುವುದಿಲ್ಲ. ತಂದೆಯವರು ಸಂಜೆಯ ವಾರ್ತೆಯನ್ನು ಅದರಲ್ಲಿಯೇ ಕುಳಿತು ಕೇಳುತ್ತಾರೆ.