ಅಜ್ಜಿಯ ಹೆಜ್ಜೆಗೆ ಮಜಾ ರನ್

ಕಬ್ಬನ್ ರಸ್ತೆಯಲ್ಲಿ ಆ ಭಾನುವಾರ ಒಂದೇ ಒಂದು ಹಾರ್ನ್ ಕೇಳಿಸಲಿಲ್ಲ. ಬಸ್ಸಿಲ್ಲ, ಆಟೊ ಇಲ್ಲ, ರಸ್ತೆಯ ಅಗಲಕ್ಕೂ ಬರೀ ಜನ. ಮಗುವನ್ನು ಹೆಗಲೇರಿಸಿಕೊಂಡ ಅಪ್ಪಂದಿರು, ಸೀರೆಯ ಮೇಲೇ ಟೀ ಶರ್ಟು ತೊಟ್ಟ ಅಮ್ಮಂದಿರು, ಹಳದಿ-ಕೆಂಪು ಬಾವುಟ ಹೊದ್ದ ಹುಡುಗರು, ಕೆರೆ ಉಳಿಸಿ ಎಂದು ಫಲಕ ಹಿಡಿದವರು. ಹನುಮಂತನ ವೇಷದವನೊಬ್ಬ ಬಾಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡುತ್ತಿದ್ದ. ಮುಂದೆಲ್ಲೋ ಡೊಳ್ಳು ಬಾರಿಸುತ್ತಿದ್ದರು. ಆ ಏಟಿಗೆ ಸರಿಯಾಗಿ ಮಕ್ಕಳು ನೆಗೆಯುತ್ತಿದ್ದರು. ಗುಲ್‌ಮೊಹರ್ ಮರಗಳು ಆಗಷ್ಟೇ ಕೆಂಪಾಗುತ್ತಿದ್ದವು.

ಅಂದು ಬೆಂಗಳೂರಿನ ವರ್ಲ್ಡ್ 10ಕೆ ಓಟ. ಅದು ಶುರುವಾಗಿದ್ದು 2008ರಲ್ಲಿ. ಮೊದಲು ಶ್ರೀ ಕಂಠೀರವ ಕ್ರೀಡಾಂಗಣದಿಂದ ಹೊರಡುತ್ತಿದ್ದ ಓಟ ಈಗ ಮಾಣೆಕ್ ಷಾ ಪೆರೇಡ್ ಮೈದಾನದಿಂದ ಹೊರಡುತ್ತದೆ. ನಸುಕಿನಲ್ಲಿ ನಡೆಯುವುದು ಗಡಿಯಾರದ ಓಟ. 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೇಲಿ ಇದೇ ನಗರದ ಬೀದಿಗಳಲ್ಲಿ ಹತ್ತು ಕಿಲೋಮೀಟರನ್ನು 27 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿದ್ದರು. ಅಂಥವರೆಲ್ಲ ಓಡಿ ಮುಗಿಸಿ, ಬಿಸಿಲು ಏರುವ ಹೊತ್ತಿಗೆ ಮಜಾ ರನ್ನಿನ ಸರದಿ. ಹತ್ತು ಕಿಲೋಮೀಟರಿನ ಸುಮಾರು ಅರ್ಧ ದೂರ. ಗೆಲ್ಲುವವರು, ಸೋಲುವವರು ಎಂಬುದಿಲ್ಲ. ಓಡಬಹುದು, ನಡೆಯಬಹುದು, ನಿಂತು ಫೋಟೊ ತೆಗೆಸಿಕೊಳ್ಳಬಹುದು.

ಮಜಾ ರನ್ನಿಗೆ ಹೆಸರು ಬರೆಸಿದ ನಾವು ಹೊಸಕೆರೆಹಳ್ಳಿಯವರು. ಪಿಇಎಸ್ ವಿಶ್ವವಿದ್ಯಾಲಯದ ಮುಂದಿನ ರಿಂಗ್ ರಸ್ತೆ ದಾಟಬೇಕೆಂದರೆ ಅಮ್ಮ ನನ್ನ ಮಗಳ ಕೈಯನ್ನು ಬಿಗಿಯಾಗಿ ಹಿಡಿದು, ನಾಲ್ಕು ಸಲ ಹೆಜ್ಜೆ ಮುಂದಿಟ್ಟು ಹಿಂದೆ ತೆಗೆಯುತ್ತಾರೆ. ಅತ್ತ ನೈಸ್ ರಸ್ತೆಗೆ ಹೋಗುವ ಲಾರಿ, ಇತ್ತ ಕತ್ರಿಗುಪ್ಪೆ ಕಡೆಯಿಂದ ಬರುವ ಬಸ್ಸು. ಫುಟ್‌ಪಾತ್ ಮೇಲೂ ಬೈಕು. ಹಾಗಾಗಿ ನಮ್ಮ ಅಭ್ಯಾಸವೆಲ್ಲ ಮನೆಯ ಹಿಂದಿನ ಅಡ್ಡರಸ್ತೆಗಳಲ್ಲೇ ನಡೆಯಿತು. ಸಂಜೆ ದೀಪ ಹಚ್ಚಿ ಅಮ್ಮ ಹೊರಡುವರು. ಮಗಳು ಓಡಿ ಮೂಲೆಯ ಮನೆ ಮುಟ್ಟಿ ವಾಪಸು ಬರುವಳು. ಗೇಟಿನಲ್ಲಿ ನಿಂತು, "ಏನ್ರೀ ಅಮ್ಮ, ಒಲಿಂಪಿಕ್ಸಾ?" ಎಂದು ಕೇಳಿದ ನೆರೆಯವರು ವಾರ ಕಳೆಯುವಷ್ಟರಲ್ಲಿ ತಾವೂ ಚಪ್ಪಲಿ ಮೆಟ್ಟಿ ಜೊತೆಗೂಡಿದರು.

ಓಟದ ದಿನ ಇನ್ನೂ ಕತ್ತಲಿರುವಾಗಲೇ ಮನೆಯ ದೀಪಗಳೆಲ್ಲ ಹೊತ್ತಿದ್ದವು. ಓಟದ ನಂಬರಿನ ಕಾಗದ ‘ಬಿಬ್’ ಜೊತೆ ಕೊಟ್ಟಿದ್ದ ಪಿನ್ನುಗಳು ಅಮ್ಮನಿಗೆ ಹಿಡಿಸಲಿಲ್ಲ. ಬಳೆಯಲ್ಲಿ ಸದಾ ತೂಗುವ ತಮ್ಮದೇ ಪಿನ್ನುಗಳನ್ನು ಒಂದೊಂದಾಗಿ ಬಿಡಿಸಿದರು. ಸೆರಗಿನ ನೆರಿಗೆ ಜೋಡಿಸುವಷ್ಟೇ ಎಚ್ಚರದಿಂದ ಕಾಗದದ ಒಂದು ಮೂಲೆ ಹಿಡಿದು, ಬಟ್ಟೆಗೆ ಒಳಗಿನಿಂದ ಪಿನ್ನು ಚುಚ್ಚಿ ಹೊರಗೆ ತಂದು, ಬೆರಳಿಂದ ಒಮ್ಮೆ ಒತ್ತಿ ನೋಡಿ, ಮತ್ತೊಂದು ಮೂಲೆಗೆ ಹೋದರು. ಆಮೇಲೆ ಮೊಮ್ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ಅವಳದನ್ನೂ ಹಾಗೆಯೇ ಹಚ್ಚಿದರು. ನನ್ನವರು ಹೊಸ ಕ್ಯಾನ್ವಾಸ್ ಶೂಗಳ ಲೇಸು ಬಿಗಿದುಕೊಟ್ಟರು. ಕಾಸಗಲದ ಕುಂಕುಮ, ಮೊಳ ಮಲ್ಲಿಗೆ, ನೀಲಿ ಶೂ. ನನ್ನಮ್ಮ ಅಷ್ಟು ಚೆಂದ ಕಂಡ ಬೆಳಗು ನನಗೆ ನೆನಪಿಲ್ಲ.

ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದೆವು. ಬೋಗಿಯ ತುಂಬ ಒಂದೇ ಬಣ್ಣದ ಅಂಗಿಗಳು. ಜಯನಗರದಲ್ಲಿ ಹತ್ತಿದ ಹಿರಿಯರೊಬ್ಬರು ಅಮ್ಮನ ಬಿಬ್ ನೋಡಿ, "ನೀವೂ ಬಂದ್ರಾ, ಒಳ್ಳೇದಾಯ್ತು" ಎಂದರು, ಬಹಳ ದಿನದ ಪರಿಚಯವೇನೋ ಎಂಬಂತೆ.

ಓಟ ಹೊರಟಿತು. ಮಗಳು ಮೊದಲು ಬಾಣದ ಹಾಗೆ ನುಗ್ಗಿದಳು. ತುಸು ದೂರದಲ್ಲಿ ನಿಂತು, ಹಿಂತಿರುಗಿ, "ಅಜ್ಜೀ, ಬೇಗ!" ಎಂದು ಕೂಗಿದಳು. ಮತ್ತೆ ಓಡಿ ಬಂದು ಅಜ್ಜಿಯ ಕೈ ಹಿಡಿದಳು. ಆಮೇಲೆ ಅವಳು ಆ ಕೈ ಬಿಡಲಿಲ್ಲ. ನಾವೂ ಹೆಜ್ಜೆ ತಗ್ಗಿಸಿದೆವು. ಅಷ್ಟು ನಿಧಾನಕ್ಕೆ ನಡೆದಾಗಲೇ ಮಾತು ಹುಟ್ಟಿದ್ದು. ಮದುವೆಯಾಗಿ ಹೊಸಕೆರೆಹಳ್ಳಿಗೆ ಬಂದ ಹೊಸತರಲ್ಲಿ ತಾವೂ ಓರಗಿತ್ತಿಯೂ ಗಾಂಧಿ ಬಜಾರಿಗೆ ಹೂವು, ಹಣ್ಣು ತರಲು ನಡೆದೇ ಹೋಗುತ್ತಿದ್ದುದನ್ನು ಅಮ್ಮ ಹೇಳಿದರು. "ಇಷ್ಟೇ ದೂರ ಕಣೇ. ದಾರಿ ತುಂಬಾ ಮಾತಾಡ್ಕೊಂಡು ಹೋಗಿ, ಮಾತಾಡ್ಕೊಂಡು ಬರ್ತಿದ್ವಿ. ದಣಿವು ಅನ್ನೋದೇ ಗೊತ್ತಾಗ್ತಿರ್ಲಿಲ್ಲ." ಒಂದೇ ಮನೆಯಲ್ಲಿದ್ದೂ ಇದನ್ನು ನಾನು ಕೇಳಿದ್ದು ಅಂದೇ ಮೊದಲು.

ನೀರು ಕೊಡುವ ಹುಡುಗಿಯರು "ಆಂಟಿ, ಸೂಪರ್!" ಎಂದು ಚಪ್ಪಾಳೆ ತಟ್ಟಿದರು. ಪೊಲೀಸ್ ಪೇದೆಯೊಬ್ಬರು ಬ್ಯಾರಿಕೇಡ್ ಆಚೆಯಿಂದಲೇ ಕೈಯೆತ್ತಿ ನಮಸ್ಕರಿಸಿದರು. ಕೊನೆಯ ತಿರುವಿನಲ್ಲಿ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಜಕ್ಕೂ ಓಡಿದರು. ಮಗಳು ಕಿರುಚುತ್ತ ಜೊತೆಗೆ ಓಡಿದಳು. ಗೆರೆ ದಾಟಿದ ಮೇಲೆ ಬಾಳೆಹಣ್ಣು ಸುಲಿಯುತ್ತ ಇಬ್ಬರೂ ನೆಲದ ಮೇಲೆಯೇ ಕೂತರು.

ಹೀಗೆ ವಾಹನಗಳಿಲ್ಲದ ಬೀದಿ ಓಟದ ಒಂದು ದಿನಕ್ಕೇ ಮುಗಿಯಬೇಕಿಲ್ಲ. ದಕ್ಷಿಣ ಅಮೆರಿಕದ ಬೊಗೊಟಾ ನಗರ 1974ರಿಂದ ಭಾನುವಾರದ ಬೆಳಗುಗಳನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡುತ್ತ ಬಂದಿದೆ. ಅಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆ ವಾಹನಗಳಿಗೆ ಮುಚ್ಚಿರುತ್ತದೆ. ನಮ್ಮ ಚರ್ಚ್ ಸ್ಟ್ರೀಟ್ ಕೂಡ 2020ರ ಕೊನೆಯಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ಹಾಗೆ ತೆರೆದಿತ್ತು. ಆಗದ ಕೆಲಸವೇನಲ್ಲ ಇದು. ಹೊಸಕೆರೆಹಳ್ಳಿಯ ಕೆರೆಯ ಪಕ್ಕದ ಒಂದು ರಸ್ತೆ, ತಿಂಗಳಿಗೊಂದು ಭಾನುವಾರ, ತಿಂಡಿಯ ಹೊತ್ತಿನವರೆಗೆ ಸಾಕು. ವೇದಿಕೆ ಬೇಡ, ಪದಕ ಬೇಡ. ಎರಡು ಬ್ಯಾರಿಕೇಡು, ಒಂದು ಡೊಳ್ಳು, ಒಂದು ಬುಟ್ಟಿ ಬಾಳೆಹಣ್ಣು ಇದ್ದರೆ ಬೀದಿ ಮನೆಯಂಗಳವಾಗುತ್ತದೆ.

ಮನೆಮಂದಿ ಒಟ್ಟಿಗೆ ಓಡುವುದೆಂದರೆ ಎಲ್ಲರಿಗಿಂತ ನಿಧಾನ ನಡೆಯುವವರ ಹೆಜ್ಜೆಗೆ ಎಲ್ಲರೂ ಹೊಂದಿಕೊಳ್ಳುವುದು. ನಮ್ಮ ಬೀದಿಗೂ ಅಂಥ ಭಾನುವಾರ ಬರುವವರೆಗೆ ಇಂಥ ಓಟ ಎಲ್ಲೇ ನಡೆಯಲಿ, ಹೆಸರು ಬರೆಸುವಾಗ ಮನೆಯ ಹಿರಿಯರದ್ದನ್ನು ಮೊದಲು ಬರೆಸಿ.