ಮಡಚಿದ ಕೈಗೆ ಮಿದುಳಿನಿಂದ ಮದ್ದು?

ಪ್ರಶ್ನೆ: ಪಾರ್ಶ್ವವಾಯು ಹೊಡೆದ ಮೇಲೆ ತಂದೆಯ ಎಡಗೈ ಬಿಗಿದು ಮಡಚಿಕೊಂಡಿದೆ. ಮಿದುಳಿಗೆ ವಿದ್ಯುತ್ ಕೊಟ್ಟರೆ ಸಡಿಲವಾಗುವುದೇ?

ಉತ್ತರ: ಉಗುರು ಅಂಗೈಗೆ ಒತ್ತುವಷ್ಟು ಬಿಗಿದ ಆ ಮುಷ್ಟಿಯಲ್ಲಿ ಮೂಲ ದೋಷ ಸ್ನಾಯುವಿನದಲ್ಲ. ಎಳೆದರೆ ಸ್ನಾಯು ಸೆಟೆಯುವುದು ಬೆನ್ನುಹುರಿಯ ಸಹಜ ಪ್ರತಿಕ್ರಿಯೆ. ಅದಕ್ಕೆ ಲಗಾಮು ಹಾಕುವುದು ಮಿದುಳು. ಲಗಾಮು ತಪ್ಪಿದಾಗ ಬಿಗಿತ ಶುರು.

ವಿದ್ಯುತ್ತಿನಿಂದ ಆ ಹಿಡಿತ ಮರಳಿಸುವ ಆಸೆ ಹಳೆಯದು. 1970ರ ದಶಕದಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ಇರ್ವಿಂಗ್ ಕೂಪರ್ ಕಿರುಮಿದುಳಿನ ಮೇಲೆಯೇ ಎಲೆಕ್ಟ್ರೋಡ್ ಕೂರಿಸಿ, ಸೆರೆಬ್ರಲ್ ಪಾಲ್ಸಿಯ ಬಿಗಿತ ಇಳಿಯಿತೆಂದರು. ಕರೆಂಟು ಯಾವಾಗ ಹರಿಯುತ್ತಿದೆಯೆಂದು ರೋಗಿಗೂ ಪರೀಕ್ಷಕರಿಗೂ ತಿಳಿಯದಂತೆ ನೋಡಿದಾಗ ಆ ಲಾಭ ಸ್ಪಷ್ಟವಾಗಿ ಕಾಣಲಿಲ್ಲ.

ಈಗ ಪರೀಕ್ಷೆಯಲ್ಲಿರುವ ವಿಧಾನಕ್ಕೆ ತಲೆ ಕೊರೆಯಬೇಕಿಲ್ಲ. ತಲೆಯ ಮೇಲೆ ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಂಜು, 1–2 ಮಿಲಿಆಂಪಿಯರ್ ಕರೆಂಟು, ಸುಮಾರು 20 ನಿಮಿಷ. ಸಾಮಾನ್ಯವಾಗಿ ಚರ್ಮ ಸ್ವಲ್ಪ ಚುರುಗುಟ್ಟುತ್ತದೆ, ಅಷ್ಟೆ. ಕೆಲವು ಸಣ್ಣ ಅಧ್ಯಯನಗಳಲ್ಲಿ ಬಿಗಿತ ತುಸು ಇಳಿದಿದೆ, ಕೆಲವುಗಳಲ್ಲಿ ಇಲ್ಲ. ಇನ್ನೂ ಇದು ಊರುಗೋಲಷ್ಟೇ, ಕಾಲಲ್ಲ.

ಹಾಗಾಗಿ ಫಿಸಿಯೋಥೆರಪಿ ದಯವಿಟ್ಟು ಬಿಡಬೇಡಿ. ಬ್ಯಾಕ್ಲೋಫೆನ್ ಮಾತ್ರೆ, ಬೊಟುಲಿನಂ ಇಂಜೆಕ್ಷನ್ ಬಗ್ಗೆಯೂ ನರವೈದ್ಯರನ್ನು ಕೇಳಿ. ತಂದೆಗೆ ಮೂರ್ಛೆರೋಗವಿದ್ದರೆ, ತಲೆಯೊಳಗೆ ಲೋಹದ ಕ್ಲಿಪ್ ಇದ್ದರೆ, ಕರೆಂಟಿನ ಮಾತೆತ್ತುವ ಮೊದಲೇ ವೈದ್ಯರಿಗೆ ತಿಳಿಸಿ.